ಬೇರೆ ಕಡತದ ಬಣ್ಣ

ನಮ್ಮ ಸಂಘದ ಮಿತ್ರರೊಬ್ಬರು ಎಂಟು ತಿಂಗಳು ಕುಳಿತು ಸಿದ್ಧಪಡಿಸಿದ ಒಂದು ಕಿರುಮಾದರಿಯನ್ನು ಈಚೆಗೆ ಅವರ ಮನೆಯಲ್ಲಿ ನೋಡಿದೆ. ಎರಡನೆಯ ಮಹಾಯುದ್ಧದ ಕಾಲದ ಜರ್ಮನ್ ವಿ-2 ಕ್ಷಿಪಣಿ, ಅದನ್ನು ಮಲಗಿಸಿ ಸಾಗಿಸಿ, ಹಾರಿಸುವ ಜಾಗದಲ್ಲಿ ನೆಟ್ಟಗೆ ಎತ್ತಿ ನಿಲ್ಲಿಸುತ್ತಿದ್ದ ಮೈಲರ್‌ವಾಗನ್ ಎಂಬ ಗಾಡಿ, ಗಾಡಿಯನ್ನು ಎಳೆಯುವ ಹನೊಮಾಗ್ ಟ್ರ್ಯಾಕ್ಟರು, ಸುತ್ತ ಎಲೆಯುದುರಿದ ಮರಗಳು. ಅಳತೆ 35ಕ್ಕೆ 1. ಹದಿನಾಲ್ಕು ಮೀಟರ್ ಉದ್ದದ ಕ್ಷಿಪಣಿ ಇಲ್ಲಿ 40 ಸೆಂಟಿಮೀಟರ್. ಕೆಳಗಿನ ಹಲಗೆಯ ಮೇಲೆ ‘ಹೇಗ್, 1944’ ಎಂದು ಬರೆದಿತ್ತು.

ಕೈಕೆಲಸದ ಬಗ್ಗೆ ಎರಡು ಮಾತಿಲ್ಲ. ಗಾಡಿಯ ಕೊಳವೆಗಳು, ಚಕ್ರಗಳಿಗೆ ಮೆತ್ತಿದ ಕೆಸರು, ಹಗ್ಗದ ಗಂಟು ಎಲ್ಲವೂ ನೋಡುವಂತಿದ್ದವು. ಆದರೆ ಕ್ಷಿಪಣಿಗೆ ಚದುರಂಗದ ಮಣೆಯಂತೆ ಕಪ್ಪು ಬಿಳುಪಿನ ಚೌಕಗಳನ್ನು ಬಳಿದಿದ್ದರು. ಕಾಡಿನಲ್ಲಿ ಅಡಗಬೇಕಾದ ಆಯುಧಕ್ಕೆ ಈ ವೇಷವೇಕೆ ಎಂದು ಕೇಳಿದೆ. ಅವರು ಒಂದು ಛಾಯಾಚಿತ್ರ ತಂದು ಮುಂದಿಟ್ಟರು. ಅದೇ ಗಾಡಿ, ಅದೇ ಕ್ಷಿಪಣಿ, ಅದೇ ಚೌಕಗಳು. “ಇದಕ್ಕಿಂತ ಸಾಕ್ಷ್ಯ ಬೇಕೆ?” ಎಂದರು. ಆಗ ಸುಮ್ಮನಾದೆ. ಅವರ ಒಪ್ಪಿಗೆ ಪಡೆದೇ ಈಗ ಬರೆಯುತ್ತಿದ್ದೇನೆ.

ಚೌಕಗಳ ವಿಚಾರ ಮೊದಲು. ಅದು ಮರೆಮಾಚುವ ಬಣ್ಣವಲ್ಲ, ಎದ್ದು ಕಾಣುವ ಬಣ್ಣ. ಪೀನೆಮ್ಯುಂಡೆಯ ಪರೀಕ್ಷಾ ನೆಲೆಯಲ್ಲಿ ಕ್ಷಿಪಣಿಯನ್ನು ಹಾರಿಸಿ ಚಲನಚಿತ್ರ ತೆಗೆಯುತ್ತಿದ್ದರು. ಒಂದೇ ಬಣ್ಣದ ದುಂಡು ಕೊಳವೆ ತನ್ನ ಅಕ್ಷದ ಸುತ್ತ ತಿರುಗಿದರೆ ದೂರದಿಂದ ಗೊತ್ತಾಗುವುದಿಲ್ಲ. ಕಪ್ಪು ಬಿಳುಪಿನ ಪಟ್ಟೆಗಳಿದ್ದರೆ ತಿರುಗುವುದು ಕಣ್ಣಿಗೆ ಬೀಳುತ್ತದೆ. ಯುದ್ಧರಂಗಕ್ಕೆ ಬಂದ ವಿ-2ಗಳಿಗೆ ಬೇರೆ ಬಣ್ಣಗಳಿದ್ದವು: ಅಂಚು ಕದಡಿದ ತೇಪೆಗಳ ಹಲವು ವಿನ್ಯಾಸಗಳು, ಯುದ್ಧದ ಕೊನೆಯ ದಿನಗಳಲ್ಲಿ ಬರೀ ಕಡುಹಸಿರು.

ಹಾಗಾದರೆ ಮಿತ್ರರ ಚಿತ್ರ ಸುಳ್ಳೆ? ಅಲ್ಲ, ಅದು ನಿಜವಾದ ಚಿತ್ರವೇ. ಜರ್ಮನಿ ಸೋತ ಮೇಲೆ, 1945ರ ಅಕ್ಟೋಬರಿನಲ್ಲಿ, ಬ್ರಿಟಿಷರು ಸೆರೆಸಿಕ್ಕ ಜರ್ಮನ್ ಸಿಬ್ಬಂದಿಯಿಂದಲೇ ಕುಕ್ಸ್‌ಹಾವೆನ್ ಬಳಿ ಮೂರು ವಿ-2ಗಳನ್ನು ಹಾರಿಸಿ, ಆ ಕ್ರಮವನ್ನೆಲ್ಲ ದಾಖಲಿಸಿಕೊಂಡರು. ಈ ಕಾರ್ಯಾಚರಣೆಗೆ ‘ಬ್ಯಾಕ್‌ಫೈರ್’ ಎಂದು ಹೆಸರು. ಅಲ್ಲಿ ಬಳಸಿದ್ದು ಜರ್ಮನರ ಮೈಲರ್‌ವಾಗನ್ನೇ. ಆದರೆ ಅದು ಪರೀಕ್ಷೆಯಾದ್ದರಿಂದ ಕ್ಷಿಪಣಿಗೆ ಮತ್ತೆ ಚೌಕಗಳನ್ನು ಬಳಿದಿದ್ದರು. ಹಾಡುಹಗಲಲ್ಲಿ, ಯಾವ ಅವಸರವೂ ಇಲ್ಲದೆ ತೆಗೆದ ಚಿತ್ರಗಳಾದ್ದರಿಂದ ಅವು ಬಹು ಸ್ಪಷ್ಟ. ಯುದ್ಧದ ನಡುವೆ ಅಡಗಿ ಕೆಲಸ ಮಾಡಿದವರ ಚಿತ್ರಗಳು ಸಿಗುವುದು ಕಷ್ಟ. ಮರೆಮಾಚುವ ಕೆಲಸ ಚೆನ್ನಾಗಿ ನಡೆದಷ್ಟೂ ಅದರ ದಾಖಲೆ ಕಡಿಮೆಯಾಗುತ್ತದೆ. ಮಾದರಿ ಮಾಡುವವರು ಸ್ಪಷ್ಟವಾದುದನ್ನೇ ಸರಿಯಾದುದೆಂದು ನಂಬುವುದಕ್ಕೆ ಇದೇ ಕಾರಣ.

ಇಪ್ಪತ್ತು ವರ್ಷ ಕಡತಗಳ ನಡುವೆ ಕಳೆದ ನನಗೆ ಇದು ಪರಿಚಿತ ತಪ್ಪು. ಕಾಗದ ಅಸಲಿ, ಸಹಿ ಅಸಲಿ, ಮೊಹರೂ ಅಸಲಿ. ಆದರೆ ಕಾಗದ ಬೇರೆ ಕಡತದ್ದು. ಅದನ್ನು ಈ ಕಡತಕ್ಕೆ ಪೋಣಿಸಿದರೆ ಪ್ರಕರಣವೇ ಕೆಟ್ಟಂತೆ. ಇನ್ನೊಂದು ಮಾತೂ ಉಂಟು. ಒಬ್ಬರ ಚಿತ್ರ ನೋಡಿ ಇನ್ನೊಬ್ಬರು, ಅವರನ್ನು ನೋಡಿ ಮತ್ತೊಬ್ಬರು ಬಣ್ಣ ಬಳಿದರೆ ಸಾಕ್ಷಿಗಳು ಮೂವರಾಗುವುದಿಲ್ಲ. ನಮ್ಮ ಗ್ರಂಥಸಂಪಾದಕರು ಇದನ್ನು ಚೆನ್ನಾಗಿ ಬಲ್ಲರು. ಒಂದೇ ಓಲೆಯಿಂದ ಇಳಿದ ಹತ್ತು ಪ್ರತಿಗಳಲ್ಲಿ ಒಂದೇ ತಪ್ಪು ಹತ್ತು ಸಲ ಇದ್ದರೆ ಅದು ಶುದ್ಧಪಾಠವಾಗದು.

ಟ್ರ್ಯಾಕ್ಟರಿನ ವಿಷಯದಲ್ಲಿ ಮಿತ್ರರು ಹೆಚ್ಚು ಎಚ್ಚರ ವಹಿಸಿದ್ದಾರೆ. 1943ರ ಫೆಬ್ರವರಿಯ ಆದೇಶದಂತೆ ಜರ್ಮನ್ ಸೇನೆಯ ವಾಹನಗಳ ಮೂಲಬಣ್ಣ ಕಡುಬೂದಿಯಿಂದ ಮಾಸಲು ಹಳದಿಗೆ ಬದಲಾಯಿತು. ಅದರ ಮೇಲೆ ಆಲಿವ್ ಹಸಿರು, ಕೆಂಗಂದು ಪಟ್ಟೆಗಳನ್ನು ಆಯಾ ದಳದವರೇ ಬಳಿಯಬೇಕು. ಗಟ್ಟಿಬಣ್ಣದ ಲೇಪವನ್ನು ಡಬ್ಬಿಗಳಲ್ಲಿ ಕೊಡುತ್ತಿದ್ದರು. ಪೆಟ್ರೋಲು ಸಿಕ್ಕರೆ ಪೆಟ್ರೋಲು, ಇಲ್ಲವಾದರೆ ನೀರು ಬೆರೆಸಿ ಬಳಿಯುತ್ತಿದ್ದರು. ಆದುದರಿಂದ ಒಂದು ವಾಹನದಂತೆ ಇನ್ನೊಂದಿಲ್ಲ. ‘ಸರಿಯಾದ ವಿನ್ಯಾಸ ಯಾವುದು?’ ಎಂಬ ಪ್ರಶ್ನೆಯೇ ಇಲ್ಲಿ ಸರಿಯಲ್ಲ. ಯಾವ ವಾಹನ, ಯಾವ ತಿಂಗಳು, ಯಾವ ಊರು ಎಂದು ಕೇಳಬೇಕು.

ಕಪ್ಪು ಬಿಳುಪು ಚಿತ್ರದಿಂದ ಬಣ್ಣ ಊಹಿಸುವವರಿಗೂ ಒಂದು ಎಚ್ಚರಿಕೆ ಸಲ್ಲುತ್ತದೆ. ಆರ್ಥೋಕ್ರೊಮ್ಯಾಟಿಕ್ ಫಿಲ್ಮು ಕೆಂಪು ಬೆಳಕಿಗೆ ಸ್ಪಂದಿಸುವುದಿಲ್ಲ. ಅದರಲ್ಲಿ ಕೆಂಗಂದು ಬಹುಮಟ್ಟಿಗೆ ಕಪ್ಪಾಗಿ ಕಾಣುತ್ತದೆ. ಪ್ಯಾನ್‌ಕ್ರೊಮ್ಯಾಟಿಕ್ ಫಿಲ್ಮಿನಲ್ಲಿ ಅದೇ ಬಣ್ಣ ಹಸಿರಿನ ಪಕ್ಕದ ಬೂದಿಯಾಗಬಹುದು. ಯಾವ ಫಿಲ್ಮೆಂದು ತಿಳಿಯದೆ ಬೂದಿಯ ಛಾಯೆ ನೋಡಿ ಬಣ್ಣ ಹೇಳುವುದು ಕಣಿ ಹೇಳಿದಂತೆ. ಮೆರವಣಿಗೆಯ ಚಿತ್ರಗಳೂ ಅಷ್ಟೆ. ಜನವರಿ 26ರಂದು ದೆಹಲಿಯಲ್ಲಿ ಅಗ್ನಿ, ಬ್ರಹ್ಮೋಸ್ ವಾಹನಗಳನ್ನು ಕಂಡವರಿಗೆ ಗೊತ್ತು, ಅಂದು ಅವು ಹಬ್ಬಕ್ಕೆ ಮಿಂದು ಬಂದಂತಿರುತ್ತವೆ.

“ಹವ್ಯಾಸವಲ್ಲವೇ, ನೋಡಲು ಚೆನ್ನಾಗಿದ್ದರೆ ಸಾಲದೆ?” ಎಂದು ವಾಚಕರು ಕೇಳಬಹುದು. ಅಟ್ಟದ ಮೇಲಿಡುವ ಆಟಿಕೆಯಾದರೆ ಸಾಕು. ಆದರೆ ಹಲಗೆಯ ಮೇಲೆ ಊರು, ವರ್ಷ ಬರೆದ ಮೇಲೆ ಅದು ಚರಿತ್ರೆಯ ಹೇಳಿಕೆಯಾಗುತ್ತದೆ. ಹೇಗ್ ನಗರದಲ್ಲಿ ನಡೆದದ್ದೇನು? 1944ರ ಸೆಪ್ಟೆಂಬರ್ 8ರಂದು ಅದರ ನೆರೆಯ ವಾಸೆನಾರ್‌ನಿಂದ ಲಂಡನ್ನಿಗೆ ಮೊದಲ ವಿ-2 ಹಾರಿತು. ಶಬ್ದಕ್ಕಿಂತ ವೇಗವಾಗಿ ಬರುತ್ತಿದ್ದ ಅದನ್ನು ಆಕಾಶದಲ್ಲಿ ತಡೆಯುವಂತಿರಲಿಲ್ಲ. ಹಾರುವ ಮುನ್ನ ನೆಲದ ಮೇಲೆ ಹುಡುಕಬೇಕು. ಅದಕ್ಕಾಗಿಯೇ ಗಾಡಿಗಳನ್ನು ಮನೆಗಳ ಮಗ್ಗುಲಲ್ಲಿದ್ದ ಮರಗಳ ನಡುವೆ ಅಡಗಿಸಿದ್ದರು. 1945ರ ಮಾರ್ಚ್ 3ರಂದು ಬ್ರಿಟಿಷ್ ವಿಮಾನಗಳು ಅಲ್ಲಿನ ಹಾಗ್ಸೆ ಬಾಸ್ ಎಂಬ ವನಕ್ಕೆ ಗುರಿಯಿಟ್ಟವು. ಗುರಿ ತಪ್ಪಿ ಪಕ್ಕದ ಬೆಜೌಡೆನ್‌ಹೌಟ್ ಬಡಾವಣೆಯ ಮೇಲೆ ಬಾಂಬುಗಳು ಬಿದ್ದು 500ಕ್ಕೂ ಹೆಚ್ಚು ಜನ ಸತ್ತರು. ಸತ್ತವರು ಕ್ಷಿಪಣಿ ಹಾರಿಸಿದವರಲ್ಲ. ಆ ಮರಗಳ ಪಕ್ಕದಲ್ಲಿ ಮನೆ ಮಾಡಿಕೊಂಡಿದ್ದವರು.

ಈ ಮಾದರಿಯಲ್ಲಿ ಹಸಿರು ಬಣ್ಣಕ್ಕೆ ಅರ್ಥವಿರುವುದು ಅಲ್ಲಿ. ಅಡಗುವ ಆಯುಧ ತನ್ನ ಅಪಾಯವನ್ನು ನೆರೆಮನೆಯವರಿಗೆ ಹಂಚುತ್ತದೆ. ಚೌಕಗಳನ್ನು ಬಳಿದು ಆ ಕಾಡಿನಲ್ಲಿ ನಿಲ್ಲಿಸಿದರೆ ಅಡಗುವ ಮಾತೇ ಮಾಯವಾಗಿ, ಅಂದವಾದ ಒಂದು ಯಂತ್ರ ಮಾತ್ರ ಉಳಿಯುತ್ತದೆ.

ಮಿತ್ರರಿಗೆ ನಾನು ಸೂಚಿಸಿದ್ದು ಎರಡು ದಾರಿ. ಚೌಕಗಳ ಮೇಲೆ ಅಷ್ಟು ಪ್ರೀತಿಯಿದ್ದರೆ ಮರಗಳನ್ನು ಕಿತ್ತು, ಬ್ರಿಟಿಷ್ ಅಧಿಕಾರಿಗಳನ್ನು ನಿಲ್ಲಿಸಿ, ಹಲಗೆಯ ಮೇಲೆ ‘ಕುಕ್ಸ್‌ಹಾವೆನ್, ಅಕ್ಟೋಬರ್ 1945’ ಎಂದು ಬರೆಯಲಿ, ಮಾದರಿ ನಿಷ್ಕಳಂಕವಾಗುತ್ತದೆ. ಹೇಗ್ ಬೇಕೆಂದರೆ ಕ್ಷಿಪಣಿಗೆ ಬಣ್ಣ ಬದಲಾಗಬೇಕು. ಯಾವ ಭಾಗಕ್ಕೆ ಚಿತ್ರದ ಆಧಾರವಿದೆ, ಯಾವುದು ಊಹೆ ಎಂದು ಪಕ್ಕದಲ್ಲಿ ಒಂದು ಚೀಟಿಯನ್ನೂ ಇಡಲಿ.

ಅವರು ಒಂದು ವಾರ ಮಾತನಾಡಲಿಲ್ಲ. ಮೊನ್ನೆ ಫೋನು ಮಾಡಿ, ಮರಗಳು ಇರಲಿ ಎಂದು ತೀರ್ಮಾನಿಸಿರುವುದಾಗಿ ತಿಳಿಸಿದರು. ಕಡುಹಸಿರಿನ ಡಬ್ಬಿ ತಂದಿದ್ದಾರಂತೆ.