ಒಂದೇ ಏಟು, ನೂರು ಸಲ

2016ರ ಸೆಪ್ಟೆಂಬರ್ 12ರ ಕಾವೇರಿ ಗಲಭೆಯ ಮಾತು ಬಂದಾಗಲೆಲ್ಲ ನಮ್ಮ ಮಾಧ್ಯಮ ವಿಮರ್ಶಕರು ವಾಟ್ಸ್‌ಆ್ಯಪ್‌ನತ್ತ ಬೊಟ್ಟು ಮಾಡುತ್ತಾರೆ. ಟಿವಿ ವಾಹಿನಿಗಳು ನಾಡಿನ ದನಿಯಾಗಿದ್ದವು ಎಂಬ ಹೊಗಳಿಕೆಗೆ ಮಾತ್ರ ಚ್ಯುತಿಯಿಲ್ಲ. ಅದನ್ನು ನಾನು ಒಪ್ಪಲಾರೆ.

ನಿರೂಪಕರ ಅಬ್ಬರವನ್ನು ಬಿಡೋಣ, ಅದರ ಬಗ್ಗೆ ಎಲ್ಲರೂ ಬರೆದಿದ್ದಾರೆ. ದೃಶ್ಯಗಳನ್ನು ಬಳಸಿದ ರೀತಿ ನೋಡಿ. ರಾಮೇಶ್ವರದಲ್ಲಿ ಕರ್ನಾಟಕದ ಚಾಲಕನಿಗೆ ಬಿದ್ದ ಏಟು, ಚೆನ್ನೈನ ವುಡ್‌ಲ್ಯಾಂಡ್ಸ್ ಹೋಟೆಲಿನ ಮೇಲಿನ ದಾಳಿ ನಡೆದದ್ದು ನಿಜ, ತೋರಿಸಬೇಕಾದದ್ದೂ ನಿಜ. ಆದರೆ ಬೆಳಗಿನ ತುಣುಕು ಮಧ್ಯಾಹ್ನವೂ ಸಂಜೆಯೂ ಓಡಿತು, ಯಾವ ಹೊತ್ತಿನದೆಂಬ ಸುಳಿವಿಲ್ಲದೆ. ಕೆನ್ನೆಗೆ ಬಿದ್ದದ್ದು ಒಮ್ಮೆ. ನೋಡುವವನಿಗೆ ಅದು ಇನ್ನೂ ಬೀಳುತ್ತಲೇ ಇದೆ, ತಾನು ಸುಮ್ಮನೆ ಕೂತಿದ್ದಾನೆ. ಬೆಂಗಳೂರಿನಲ್ಲಿ ತಮಿಳು ವಿದ್ಯಾರ್ಥಿಯನ್ನು ಥಳಿಸಿದ ವಿಡಿಯೊ ಗಡಿಯಾಚೆ ಇದೇ ಕೆಲಸ ಮಾಡಿತು.

1991ರ ಡಿಸೆಂಬರಿನ ಕಾವೇರಿ ಗಲಭೆಯ ಹೊತ್ತಿಗೆ ಕನ್ನಡದ ಖಾಸಗಿ ವಾಹಿನಿ ಒಂದೂ ಇರಲಿಲ್ಲ, ಆಗಲೂ ರಕ್ತ ಹರಿಯಿತಲ್ಲ ಎನ್ನುವವರಿದ್ದಾರೆ. ಹೌದು, ಸಿಟ್ಟನ್ನು ಟಿವಿ ಹುಟ್ಟಿಸಲಿಲ್ಲ. ಸಿಟ್ಟು ಆರಲು ಬೇಕಾದ ಹೊತ್ತನ್ನು ಕಿತ್ತುಕೊಂಡಿತು. 2016ರ ಗಲಭೆಯ ದಿನವೇ ಸುಪ್ರೀಂ ಕೋರ್ಟ್, ತಮಿಳುನಾಡಿಗೆ ಬಿಡಬೇಕಾದ ನೀರನ್ನು 15,000 ಕ್ಯುಸೆಕ್‌ನಿಂದ 12,000ಕ್ಕೆ ಇಳಿಸಿ, ಅವಧಿಯನ್ನು ಸೆಪ್ಟೆಂಬರ್ 20ರವರೆಗೆ ಚಾಚಿತ್ತು. ಇಳಿಸಿದಂತೆ ಕಂಡರೂ ಒಟ್ಟು ಹರಿಯುವ ನೀರು ಹೆಚ್ಚಿತು. ಮಂಡ್ಯದ ರೈತನ ಸಂಕಟವೆಲ್ಲ ಇರುವುದು ಈ ಲೆಕ್ಕದಲ್ಲಿ. ಅದನ್ನು ಬಿಡಿಸಿ ಹೇಳಲು ವಾಹಿನಿಗಳಿಗೆ ಹತ್ತು ನಿಮಿಷ ಸಾಕಿತ್ತು.

ಕನ್ನಡ ವಾಹಿನಿಗಳನ್ನು ಜರೆದ ಇಂಗ್ಲಿಷ್ ವಿಮರ್ಶಕರ ಮೇಲೂ ನನಗೆ ತಕರಾರಿದೆ. ಅವರಿಗೆ ಕಂಡದ್ದು ಬೇಗ ಬಾಗಿಲು ಹಾಕಿದ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗಳು, ಉದ್ಯಮಿಗಳ ಒಕ್ಕೂಟ ಅಸೋಚಾಮ್ ಹೇಳಿದ ಸಾವಿರಾರು ಕೋಟಿ ನಷ್ಟ, ಮಸುಕಾದ ‘ಬ್ರ್ಯಾಂಡ್ ಬೆಂಗಳೂರು’. ಆದರೆ ಪೊಲೀಸರ ಗುಂಡಿಗೆ ಒಬ್ಬ ಸತ್ತದ್ದು ಪೀಣ್ಯದ ಪಕ್ಕದ ಹೆಗ್ಗನಹಳ್ಳಿಯಲ್ಲಿ. ಕರ್ಫ್ಯೂ ಬಿದ್ದ 16 ಠಾಣೆಗಳಲ್ಲಿ ಪೀಣ್ಯವೂ ಒಂದು. ತಮಿಳರೂ ಕನ್ನಡಿಗರೂ ಒಂದೇ ಶೆಡ್ಡಿನಲ್ಲಿ ಲೇತ್ ತಿರುಗಿಸುವ, ದಿನಗೂಲಿ ತಪ್ಪಿದರೆ ಒಲೆ ಉರಿಯದ ಜಾಗ ಅದು. ಆ ನಷ್ಟ ಯಾವ ಕೋಟಿಯ ಲೆಕ್ಕಕ್ಕೂ ಬರಲಿಲ್ಲ. ಯಾಕೆ ಬರಲಿಲ್ಲ ಎಂದು ಈ ವಿಮರ್ಶಕರೂ ಕೇಳಲಿಲ್ಲ.

ಶಾಂತಿಯ ಮಾತಾಡಲು ಜನ ಇರಲಿಲ್ಲ ಎನ್ನುವ ವಾಹಿನಿಗಳ ಸಮರ್ಥನೆಯೂ ನಿಲ್ಲದು. 2003ರಲ್ಲೇ ಎರಡೂ ರಾಜ್ಯಗಳ ರೈತರು ಚೆನ್ನೈನಲ್ಲಿ ಸೇರಿ ‘ಕಾವೇರಿ ಕುಟುಂಬ’ ಕಟ್ಟಿದ್ದರು. ಮಳೆ ಕೈಕೊಟ್ಟ ವರ್ಷ ಇದ್ದ ನೀರನ್ನು ಹಂಚಿಕೊಳ್ಳುವುದು ಹೇಗೆಂದು ಎದುರುಬದುರು ಕೂತು ಚರ್ಚಿಸಿದ್ದರು. 2016ರ ಆ ಸಂಜೆ ನಾನು ನೋಡಿದ ಯಾವ ವಾಹಿನಿಯೂ ಅವರಲ್ಲೊಬ್ಬರಿಗೆ ಫೋನು ಹಚ್ಚಲಿಲ್ಲ.