ತಳ ನೋಡಿ ಹೇಳಬೇಕಾದ ಮಾತು

ತೊಂಬತ್ತು ದಾಟಿದ ಅಜ್ಜಿಯೊಬ್ಬಳು ತೀರಿಕೊಂಡರೆ ಬಂದವರೆಲ್ಲ ಆಡುವ ಮಾತು ಒಂದೇ: ‘ಪಾಪ, ಕೈ ಒಂದು ಗಳಿಗೆ ಸುಮ್ಮನಿರುತ್ತಿರಲಿಲ್ಲ.’ ನಮ್ಮಜ್ಜಿಯ ಬಗ್ಗೆಯೂ ಅದನ್ನೇ ಹೇಳಿದರು. ನಿಜವೇ, ಆದರೆ ಅಷ್ಟು ಸಾಲದು. ಆ ಕೈ ಏನು ಮಾಡಿತು, ಎಲ್ಲಿ ಗೆದ್ದಿತು, ಎಲ್ಲಿ ಸೋತಿತು? ಸಾಗರ, ಸೊರಬದ ಗುಡಿಗಾರರ ಗಂಧದ ಕೆತ್ತನೆಯನ್ನು ತಿರುಗಿಸಿ ಮುರುಗಿಸಿ ನೋಡಿ ಬೆಲೆ ಕಟ್ಟುವ ನಾವು, ವೈರ್ ಬುಟ್ಟಿ ಹೆಣೆದವಳಿಗೆ ಬರೀ ಮೆಚ್ಚುಗೆ ಕೊಟ್ಟು ಕಳಿಸುತ್ತೇವೆ. ಅವಳಿಗೂ ವಿಮರ್ಶೆ ಸಲ್ಲಬೇಕು.

ಅಜ್ಜಿ ಸೇಲಂ ಕಡೆಯವಳು, ಮದುವೆಯಾಗಿ ಭದ್ರಾವತಿಗೆ ಬಂದವಳು. ಬೆಂಕಿಪುರವಾಗಿದ್ದ ಈ ಊರಲ್ಲಿ 1923ರಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ ಶುರುವಾಯಿತು, ಮುಂದೆ ಕಾಗದದ ಕಾರ್ಖಾನೆಯೂ ಬಂತು. ಕೆಲಸ ಹುಡುಕಿಕೊಂಡು ತಮಿಳು, ತೆಲುಗು, ಮಲಯಾಳಂ ಮಾತಿನ ಕುಟುಂಬಗಳು ಬಂದು ಇಲ್ಲೇ ಬೇರೂರಿದವು. ಪ್ಲಾಸ್ಟಿಕ್ ವೈರಿನ ಕಟ್ಟುಗಳು ಅಂಗಡಿಗೆ ಬಂದಾಗ ಅಜ್ಜಿಗೆ ಆಗಲೇ ನಡುವಯಸ್ಸು. ತವರಿಗೆ ಹೋದಾಗ ಹೆಣಿಗೆ ಕಲಿತು ಬಂದಳು. ಶಿವನ ಕಣ್ಣು, ನೆಲ್ಲಿಕಾಯಿ, ಬಿಸ್ಕತ್ತು ಎಂಬ ಗಂಟುಗಳ ಹೆಸರು ಕೂಡ ಅಲ್ಲಿಂದಲೇ ಬಂದವು. ವೈರು ಮಾತ್ರ ಶಿವಮೊಗ್ಗದ ಗಾಂಧಿ ಬಜಾರಿನದು.

ಅವಳ ಅತ್ಯುತ್ತಮ ಕೆಲಸ ಯಾವುದೆಂದರೆ ಶಿಫ್ಟಿಗೆ ಹೋಗುವವರಿಗೆ ಹೆಣೆದ ಊಟದ ಬುಟ್ಟಿ. ಅದರ ಅಳತೆ ಟಿಫಿನ್ ಕ್ಯಾರಿಯರ್‌ನದು. ಡಬ್ಬಿ ಒಳಗೆ ಅಲ್ಲಾಡಬಾರದು, ಪಕ್ಕದಲ್ಲಿ ಮಜ್ಜಿಗೆ ಬಾಟಲಿಗೆ ಮಾತ್ರ ಜಾಗ. ಬುಟ್ಟಿಯನ್ನು ಮಗುಚಿ ನೋಡಿ. ತಳದ ಸಾಲುಗಳಲ್ಲಿ ಗಂಟು ಗಂಟಿಗೆ ತಾಗಿ ಕೂತಿದೆ, ಬೆರಳಿನ ಉಗುರು ಹೋಗದು. ಗೋಡೆಗೆ ಏರುವಾಗ ಅದೇ ಬಿಗಿ ಸ್ವಲ್ಪ ಸಡಿಲುತ್ತದೆ, ನೀರು ಇಳಿದು ಗಾಳಿಯಾಡಲಿ ಎಂದು. ಮುಗಿದ ವೈರಿನ ತುದಿಗಳನ್ನು ಕತ್ತರಿಸಿ ಬಿಟ್ಟಿಲ್ಲ, ಕೆಳಗಿನ ಗಂಟುಗಳೊಳಗೆ ತೂರಿಸಿದ್ದಾಳೆ. ಒಳಗೆ ಕೈಯಾಡಿಸಿದರೆ ಎಲ್ಲೂ ಚುಚ್ಚುವುದಿಲ್ಲ. ಇಂಥ ಬುಟ್ಟಿಗಳಲ್ಲಿ ಮೊದಲು ಹರಿಯುವುದು ಹಿಡಿಕೆ. ಅಜ್ಜಿ ಹಿಡಿಕೆಯ ವೈರನ್ನು ಅಂಚಿಗೆ ಕಟ್ಟದೆ ನಾಲ್ಕಾರು ಸಾಲು ಕೆಳಗಿನಿಂದ ಎತ್ತಿ ತರುತ್ತಿದ್ದಳು. ಭಾರವೆಲ್ಲ ಅಂಚಿನ ಮೇಲೆ ಬೀಳದೆ ಗೋಡೆಗೆ ಹಂಚಿಹೋಗುತ್ತದೆ. ಇದನ್ನು ಯಾವ ಕಾಲೇಜೂ ಅವಳಿಗೆ ಹೇಳಿಕೊಟ್ಟಿರಲಿಲ್ಲ.

ಬಣ್ಣದಲ್ಲೂ ಅವಳದು ಗಟ್ಟಿ ನಿಲುವು. ಕಡುನೀಲಿಗೆ ಬಿಳಿ, ಇಲ್ಲವೇ ಹಸಿರಿಗೆ ಹಳದಿ. ಎರಡೇ ಬಣ್ಣ. ಮೂರನೆಯದು ಬಂದರೆ ಬುಟ್ಟಿ ‘ಕಿರುಚುತ್ತದೆ’ ಎನ್ನುತ್ತಿದ್ದಳು.

ಆದರೆ ಕಾರ್ಖಾನೆಯ ಕೆಲಸದಿಂದ ಮನೆಯವರು ನಿವೃತ್ತರಾದ ಮೇಲೆ ಅವಳು ಹೆಣೆದದ್ದಕ್ಕೆ ಇದೇ ಮಾತು ಹೇಳಲಾರೆ. ಮಣಿಯ ಗಿಳಿ, ವೈರಿನ ಹಂಸ, ಟಿ.ವಿ. ಮೇಲಿಡುವ ಹೂದಾನಿ. ತಾಳ್ಮೆ ಅವುಗಳಲ್ಲೂ ಇದೆ, ನೋಟ ಇಲ್ಲ. ಬೇರೆಯವರ ಮನೆಯಲ್ಲಿ ಕಂಡ ಮಾದರಿಯನ್ನೇ ಎತ್ತಿಕೊಂಡಿದ್ದಾಳೆ. ಬಣ್ಣದ ಕಟ್ಟುಪಾಡನ್ನೂ ಕೈಬಿಟ್ಟಿದ್ದಾಳೆ. ಹಂಸದ ಕತ್ತು ನಿಲ್ಲಲೆಂದು ಒಳಗೆ ಕಬ್ಬಿಣದ ತಂತಿ ತೂರಿಸಿದ್ದು ನನಗೆ ಇಂದಿಗೂ ಒಪ್ಪಿಗೆಯಾಗಿಲ್ಲ, ಏಕೆಂದರೆ ಗಂಟಿನ ಬಲದ ಮೇಲೇ ಎಲ್ಲವನ್ನೂ ನಿಲ್ಲಿಸಿದ ಕೈ ಅದು. ವಿಚಿತ್ರವೆಂದರೆ ನೆಂಟರು ಹಾಡಿ ಹೊಗಳಿದ್ದು ಈ ಹಂಸವನ್ನೇ. ಊಟದ ಬುಟ್ಟಿ ಬಚ್ಚಲ ಹತ್ತಿರದ ಮೊಳೆಗೆ ಹೋಯಿತು.

ವಸ್ತುವಿಗೂ ಅದರದೇ ದೋಷವಿದೆ. ವರ್ಷಗಟ್ಟಲೆ ಬಿಸಿಲು ತಿಂದ ವೈರು ಒಣಗಿ ಸಿಡಿಯುತ್ತದೆ, ಒಡೆದ ಮೇಲೆ ಮಣ್ಣಿಗೂ ಸೇರುವುದಿಲ್ಲ. ಬಿದಿರಿನ ಬುಟ್ಟಿಗಿರುವ ಮಣ್ಣಾಗುವ ಗುಣ ಇದಕ್ಕಿಲ್ಲ. ಹಾಗಿದ್ದೂ ದಿನಾ ತೊಳೆದು, ದಿನಾ ಹೊತ್ತು, ದಶಕಗಳ ಕಾಲ ಬಾಳಿದ ಚೀಲವನ್ನು ಒಂದೇ ದಿನಕ್ಕೆ ಬಿಸಾಡುವ ಕವರಿನ ಸಾಲಿನಲ್ಲಿಟ್ಟು ಬೈಯುವುದು ತಪ್ಪು.

ಶಿವಮೊಗ್ಗದ ಶಿವಪ್ಪನಾಯಕನ ಅರಮನೆಯಲ್ಲಿ ಕಲ್ಲಿನ ವಿಗ್ರಹಗಳನ್ನೂ ವೀರಗಲ್ಲುಗಳನ್ನೂ ಕಾಪಾಡಿ ಇಟ್ಟಿದ್ದಾರೆ, ಇಡಲೇಬೇಕಾದವು. ಬುಟ್ಟಿಗಳನ್ನು ಮಾತ್ರ ನಾವೇ ಕಾಪಾಡಬೇಕು. ಭದ್ರಾವತಿಯ ಕಾಗದದ ಕಾರ್ಖಾನೆ ಕೆಲಸ ನಿಲ್ಲಿಸಿ ವರ್ಷಗಳಾದವು. ಅಲ್ಲಿಗೆ ಊಟ ಹೊತ್ತ ಬುಟ್ಟಿಗಳು ಇನ್ನೂ ಎಷ್ಟೋ ಮನೆಗಳ ಅಟ್ಟದಲ್ಲಿವೆ. ನಿಮ್ಮಲ್ಲೂ ಇದ್ದರೆ ಗುಜರಿಗೆ ಹಾಕಬೇಡಿ. ಇಳಿಸಿ, ತೊಳೆದು, ತಳ ನೋಡಿ. ಹೆಣೆದವರ ಹೆಸರು, ಬಂದ ಊರು, ಗಂಟಿನ ಹೆಸರು ಒಂದು ಚೀಟಿಯಲ್ಲಿ ಬರೆದು ಅದರೊಳಗೇ ಇಡಿ.