ಪ್ರಾರಂಭದ ಶಿಲಾಪಾಠ: ಪ್ರಯೋಗಶಾಲೆಯ ಒಂದು ವಿಮರ್ಶೆ

ಭೂವಿಜ್ಞಾನವನ್ನು ಹೊಸದಾಗಿ ಕಲಿಯತೊಡಗಿದ ವಿದ್ಯಾರ್ಥಿಗೆ ಪ್ರಯೋಗಶಾಲೆಯಲ್ಲಿ ಮೊದಲು ಎದುರಾಗುವುದು ಅಂಕಿ ಬರೆದ ಕಲ್ಲಿನ ಚೂರುಗಳ ತಟ್ಟೆ. ಕಾಠಿಣ್ಯ, ಹೊಳಪು, ಸೀಳು, ಒರೆಯ ಬಣ್ಣ ಇವನ್ನು ಪರೀಕ್ಷಿಸಿ ಖನಿಜವನ್ನು ಗುರುತಿಸಬೇಕೆಂಬುದು ಪಾಠದ ಉದ್ದೇಶ. ಉದ್ದೇಶ ಸಾಧುವಾದುದೇ. ಅದು ನೆರವೇರುತ್ತಿದೆಯೇ ಎಂಬುದನ್ನು ಮಾತ್ರ ಇಲ್ಲಿ ನಾವು ವಿಚಾರಿಸಬೇಕಾಗಿದೆ.

ನಮ್ಮ ಅನೇಕ ವಿದ್ಯಾರ್ಥಿಗಳ ರೆಕಾರ್ಡ್ ಪುಸ್ತಕಗಳಲ್ಲಿ ಮೊದಲ ಕಲಮು ಖನಿಜದ ಹೆಸರು; ಗುಣಗಳು ಅದರ ಹಿಂದೆ ಬರುತ್ತವೆ. ದೋಷದ ಮೂಲ ಇಲ್ಲಿಯೇ ಇದೆಯೆಂದು ನಮಗೆ ತೋರುತ್ತದೆ. ಹೆಮಟೈಟ್ ಎಂದು ಬರೆದಾದ ಮೇಲೆ ಅದರ ಒರೆ ಕೆಂಗಂದು, ಮ್ಯಾಗ್ನಟೈಟಿನದು ಕಪ್ಪು ಎಂದು ತುಂಬುವುದಕ್ಕೆ ಪಿಂಗಾಣಿ ಬಿಲ್ಲೆಯ ಮೇಲೆ ಕಲ್ಲನ್ನು ಉಜ್ಜಬೇಕಾದುದೇ ಇಲ್ಲ, ಪಠ್ಯಪುಸ್ತಕವೊಂದಿದ್ದರೆ ಸಾಕು. ನಮ್ಮ ಅಕ್ಕಸಾಲಿಗನು ಚಿನ್ನವನ್ನು ಒರೆಗಲ್ಲಿಗೆ ಹಚ್ಚಿ ನೋಡಿದ ಮೇಲೆ ಬೆಲೆ ಹೇಳುತ್ತಾನೆಯೇ ಹೊರತು ಬೆಲೆ ಹೇಳಿ ಆಮೇಲೆ ಒರೆಹಚ್ಚುವುದಿಲ್ಲ. ವರ್ಷ ವರ್ಷವೂ ಅವೇ ಚೂರುಗಳು ಮೇಜಿಗೆ ಬರುವುದರಿಂದ, ಮೂಲೆ ಮುರಿದುದು ಗಾರ್ನೆಟ್, ಮಸಿಯ ಕಲೆಯುಳ್ಳದ್ದು ಫೆಲ್ಡ್‌ಸ್ಪಾರ್ ಎಂಬ ಬಗೆಯ ಜ್ಞಾನವೂ ಹಿರಿಯರಿಂದ ಕಿರಿಯರಿಗೆ ಸಾಗಿಬರುತ್ತದೆ. ಇದನ್ನು ಪರಂಪರೆಯೆನ್ನಬಹುದು, ವಿಜ್ಞಾನವೆನ್ನಲಾಗದು.

1812ರಲ್ಲಿ ಮೋಸ್ ರಚಿಸಿದ ಕಾಠಿಣ್ಯದ ಮಾನದಲ್ಲಿ ಮೊದಲ ಮೆಟ್ಟಿಲು ಟಾಲ್ಕ್. ಬಳಪದ ಕಲ್ಲನ್ನು ಬಾಲ್ಯದಿಂದ ಬಲ್ಲ ಹುಡುಗನಿಗೆ ಇದನ್ನು ಹೊಸ ವಸ್ತುವೆಂಬಂತೆ ಕೊಡುವುದೇಕೆ? 1258ರ ಸೋಮನಾಥಪುರದ ದೇವಾಲಯದಲ್ಲಿ ಶಿಲ್ಪಿಯ ಉಳಿ ಅಷ್ಟು ನವುರಾಗಿ ಓಡಿದ್ದು ಆ ಕಲ್ಲು ಮೃದುವಾದ ಕ್ಲೋರೈಟ್ ಶಿಸ್ಟ್ ಆದುದರಿಂದ. ಅಡಿಗೆಮನೆಯ ಒರಳುಕಲ್ಲಿನಲ್ಲಿ ಉಳಿ ಹಾಗೆ ಓಡದು. ಕಾಠಿಣ್ಯವೆಂದರೇನೆಂಬುದು ಇಷ್ಟರಿಂದಲೇ ಅರಿವಾಗುತ್ತದೆ.

ಇದಕ್ಕಿಂತ ಗುರುತರವಾದ ಕೊರತೆ ಇನ್ನೊಂದಿದೆ. ಲಕ್ಷ್ಮೀಪುರಂನಲ್ಲಿ ವಾಸಿಸುವ ವಿದ್ಯಾರ್ಥಿಗೆ ಚಾಮುಂಡಿಬೆಟ್ಟ ದೂರದ್ದಲ್ಲ. ಆ ಬೆಟ್ಟದ ಗ್ರಾನೈಟು ಸುಮಾರು 80 ಕೋಟಿ ವರ್ಷಗಳ ಹಿಂದಿನದು. ಅದನ್ನು ಸುತ್ತುವರಿದ ನೈಸ್ ಶಿಲೆ ಸುಮಾರು 300 ಕೋಟಿ ವರ್ಷಗಳಷ್ಟು ಪ್ರಾಚೀನ. ಈ ನೈಸಿಗೆ ‘ಪೆನಿನ್ಸುಲರ್’ ಎಂಬ ಹೆಸರನ್ನಿತ್ತವನು ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಸ್ಮೀತ್. ಎರಡು ಶಿಲೆಗಳ ಚೂರುಗಳನ್ನೂ ತಟ್ಟೆಯಲ್ಲಿ ಅಕ್ಕಪಕ್ಕ ಇರಿಸಿದರೆ ಎರಡರಲ್ಲಿಯೂ ಕಾಣುವುದು ಬೆಣಚು, ಫೆಲ್ಡ್‌ಸ್ಪಾರ್, ಅಭ್ರಕ. ಒಂದರಲ್ಲಿ ಪಟ್ಟೆಗಳಿವೆ, ಇನ್ನೊಂದರಲ್ಲಿಲ್ಲ. ನಡುವಣ 220 ಕೋಟಿ ವರ್ಷಗಳು ಎಲ್ಲಿ ಹೋದವು? ಯಾವುದು ಯಾವುದರೊಳಗೆ ನುಗ್ಗಿತು, ಯಾವುದು ಮೊದಲು ಎಂಬ ಪ್ರಶ್ನೆ ತಟ್ಟೆಯ ಮುಂದೆ ಹುಟ್ಟುವುದಿಲ್ಲ. ಶಿಲೆಗಳು ನೆಲದಲ್ಲಿ ಒಂದನ್ನೊಂದು ಮುಟ್ಟುವೆಡೆಯಲ್ಲಿ ನಿಂತಾಗ ಮಾತ್ರ ಹುಟ್ಟುತ್ತದೆ. ಭೂವಿಜ್ಞಾನ ಇತಿಹಾಸವೆಂದು ತಿಳಿಯದೆಯೇ ವಿದ್ಯಾರ್ಥಿ ಮೊದಲ ವರ್ಷವನ್ನು ದಾಟಿಬಿಡುವ ಅಪಾಯವುಂಟು.

ಹಾಗೆಂದು ಚೂರುಗಳನ್ನು ಹೊರಗೆಸೆಯಿರೆಂದು ನಾವು ಹೇಳುತ್ತಿಲ್ಲ. ಮಳೆಬಿಸಿಲಿಗೆ ಸವೆದ ಬಂಡೆ ತನ್ನ ಗುಣವನ್ನು ಮರೆಮಾಚುತ್ತದೆ, 0.03 ಮಿಲಿಮೀಟರಿನಷ್ಟು ತೆಳುವಾಗಿ ಅರೆದ ಶಿಲೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಸೌಲಭ್ಯ ಬೆಟ್ಟದಲ್ಲಿಲ್ಲ. ಪಳಗಿದ ಕಣ್ಣಿಗೆ ನೆಲೆತಪ್ಪಿದ ಕಲ್ಲೂ ತನ್ನ ಊರನ್ನು ಹೇಳಬಲ್ಲುದು. ಕಲ್ಕತ್ತೆಯಲ್ಲಿರುವ ಜಾಬ್ ಚಾರ್ನಾಕನ ಸಮಾಧಿಯ ಕಲ್ಲು ಮದರಾಸಿನ ಸಮೀಪದ್ದೆಂದು ಹಾಲೆಂಡ್ ಗುರುತಿಸಿ, ಆ ಜಾತಿಯ ಶಿಲೆಗೆ ಚಾರ್ನೊಕೈಟ್ ಎಂದು ಹೆಸರಿಟ್ಟ. ನಮ್ಮ ಬಿಳಿಗಿರಿರಂಗನ ಬೆಟ್ಟದಲ್ಲಿರುವುದೂ ಅದೇ ಶಿಲೆ. ಆದರೆ ಹಾಲೆಂಡನಿಗೆ ಅದು ಸಾಧ್ಯವಾದದ್ದು ಆ ಶಿಲೆಯನ್ನು ಅದರ ನೆಲೆಯಲ್ಲಿ ಕಂಡಿದ್ದರಿಂದ.

ವರ್ಷಕ್ಕೊಂದು ಪ್ರವಾಸ ಇದ್ದೇ ಇದೆಯಲ್ಲ ಎಂದು ಕೆಲವರು ಸಮಾಧಾನ ಹೇಳಬಹುದು. ಆ ಪ್ರವಾಸ ಬರುವುದು ಹೆಸರುಗಳೆಲ್ಲ ಬಾಯಿಪಾಠವಾದ ಮೇಲೆ. ಮೊದಲನೆಯ ವಾರವೇ ಬೆಟ್ಟಕ್ಕೆ ಕರೆದೊಯ್ದು, ತಾನೇ ಒಡೆದು ತಂದ ಕಲ್ಲನ್ನು ವಿದ್ಯಾರ್ಥಿ ತಟ್ಟೆಗೆ ಸೇರಿಸುವಂತೆ ಮಾಡಬೇಕು. ರೆಕಾರ್ಡಿನಲ್ಲಿ ಕಲ್ಲು ಸಿಕ್ಕಿದ ಜಾಗಕ್ಕೆ ಮೊದಲ ಕಲಮನ್ನೂ, ಹೆಸರಿಗೆ ಕೊನೆಯ ಕಲಮನ್ನೂ ಮೀಸಲಿಡಬೇಕು. ಹೆಸರು ನಿಶ್ಚಯವಾಗದಿದ್ದರೆ ಆ ಕಲಮು ಖಾಲಿಯಾಗಿಯೇ ಇರಲಿ. ಅದಕ್ಕಾಗಿ ಅಂಕವನ್ನು ಕಳೆಯಬಾರದು.